ಕಪಾಟಿನಿಂದ ಪಟ್ಟಿಗೆ: ಕಲಬುರಗಿ ಸೀಮೆಯಲ್ಲಿದ್ದುಕೊಂಡು ವರ್ಷದ ಓದಿನ ಸವಾಲು ಕೈಗೊಳ್ಳುವ ಬಗೆ

ಡಿಸೆಂಬರ್ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. "ಈ ವರ್ಷ ಐವತ್ತು ಪುಸ್ತಕ ಎಂದುಕೊಂಡಿದ್ದೆ, ಫೆಬ್ರುವರಿಗೇ ನಿಂತುಹೋಯಿತು, ಏನು ಮಾಡಲಿ?" ಎಂದು ಒಬ್ಬರು ಕೇಳುತ್ತಾರೆ. "ಇಂಗ್ಲಿಷಿನ ಪಟ್ಟಿಯೊಂದನ್ನು ಇಳಿಸಿಕೊಂಡೆ, ಅದರಲ್ಲಿರುವ ಅರ್ಧ ಬಗೆಯ ಪುಸ್ತಕಗಳು ಕನ್ನಡದಲ್ಲೇ ಇಲ್ಲ" ಎಂದು ಇನ್ನೊಬ್ಬರು. ಸೇಡಂ, ಔರಾದ, ಶಹಾಪುರ ಕಡೆಯ ಓದುಗರು ಇನ್ನೂ ನೇರವಾಗಿ ಕೇಳುತ್ತಾರೆ: "ನಮ್ಮೂರಿನಲ್ಲಿ ನೋಟ್‌ಬುಕ್, ಗೈಡು ಬಿಟ್ಟರೆ ಬೇರೆ ಪುಸ್ತಕ ಮಾರುವ ಅಂಗಡಿಯೇ ಇಲ್ಲ. ನಮಗೆಲ್ಲಿಯ ಸವಾಲು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಓದಿನ ಸವಾಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬರೀ ಎಣಿಕೆಯದು: ವರ್ಷಕ್ಕೆ ಇಷ್ಟು ಪುಸ್ತಕ ಎಂದು ಗುರಿಯಿಟ್ಟುಕೊಂಡು ಲೆಕ್ಕ ಹಾಕುತ್ತಾ ಹೋಗುವುದು. ಗುಡ್‌ರೀಡ್ಸ್ ಎಂಬ ಪುಸ್ತಕಪ್ರಿಯರ ಜಾಲತಾಣದಲ್ಲಿ ನಡೆಯುವುದು ಇದು. ಎರಡನೆಯದು ವರ್ಗಗಳ ಸವಾಲು. ಇಲ್ಲಿ 'ಒಂದು ನಾಟಕ', 'ಒಂದು ಆತ್ಮಕಥೆ', 'ನೀವು ಹುಟ್ಟಿದ ವರ್ಷ ಪ್ರಕಟವಾದ ಪುಸ್ತಕ' ಹೀಗೆ ಬೇರೆ ಬೇರೆ ಖಾನೆಗಳಿರುತ್ತವೆ, ಒಂದೊಂದಕ್ಕೂ ಒಂದು ಪುಸ್ತಕ ಹುಡುಕಿ ಓದಬೇಕು. ಅಮೆರಿಕದ ಬುಕ್ ರಾಯಟ್ ಎಂಬ ತಾಣ 2015ರಲ್ಲಿ ಆರಂಭಿಸಿದ ಇಪ್ಪತ್ತನಾಲ್ಕು ಖಾನೆಗಳ ಸವಾಲು ಈ ಬಗೆಯದು. ನನ್ನ ಒಲವು ಎರಡನೆಯದರ ಕಡೆಗೆ. ಎಣಿಕೆಯ ಸವಾಲಿನಲ್ಲಿ ಜನ ತಮಗೆ ಗೊತ್ತಿರುವ ನಾಲ್ಕು ಲೇಖಕರ ತೆಳು ಪುಸ್ತಕಗಳನ್ನೇ ಓದಿ ಸಂಖ್ಯೆ ತುಂಬಿಸುತ್ತಾರೆ. ಖಾನೆಗಳಿದ್ದರೆ ಆ ಸೌಕರ್ಯ ಇಲ್ಲ.

ತೊಂದರೆ ಇರುವುದು ಬೇರೆಯವರ ಪಟ್ಟಿಯನ್ನು ಹಾಗೆಯೇ ಎತ್ತಿಕೊಳ್ಳುವುದರಲ್ಲಿ. ಪಟ್ಟಿ ಮೊದಲು ಮಾಡಿ, ಆಮೇಲೆ ಪುಸ್ತಕ ಹುಡುಕಲು ಹೊರಟರೆ ನಮ್ಮ ಭಾಗದಲ್ಲಿ ಅದು ನಡೆಯುವುದಿಲ್ಲ. ಕೈಗೆ ಎಟಕುವ ಕಪಾಟುಗಳನ್ನು ಮೊದಲು ನೋಡಿ, ಅಲ್ಲಿ ಏನಿದೆ ಎಂಬುದರ ಮೇಲೆ ಪಟ್ಟಿ ಕಟ್ಟಬೇಕು. ಮುಂದಿನ ಹಂತಗಳೆಲ್ಲ ಇದರ ಮೇಲೆಯೇ ನಿಂತಿವೆ, ಆದ್ದರಿಂದ ಅವುಗಳ ಕ್ರಮ ತಪ್ಪಿಸಬೇಡಿ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೂರು ಪುಟದ ನೋಟ್‌ಬುಕ್, ಒಂದು ಗ್ರಂಥಾಲಯದ ಸದಸ್ಯತ್ವ, ಸಾಧಾರಣ ಮೊಬೈಲ್, ಮತ್ತು ಸಾಧ್ಯವಾದರೆ ಜೊತೆಗೆ ಓದುವ ಇನ್ನೊಬ್ಬರು.

ಹಂತ 1: ನಿಮ್ಮ ವೇಗ ಅಳೆದು ಸಂಖ್ಯೆ ನಿಗದಿಪಡಿಸಿ

ಮನೆಯಲ್ಲಿರುವ ಯಾವುದಾದರೂ ಕಾದಂಬರಿ ತೆಗೆದುಕೊಳ್ಳಿ. ಅರ್ಧ ಗಂಟೆ, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ಓದಿ. ಎಷ್ಟು ಪುಟ ಆಯಿತು ಎಂದು ಬರೆದಿಡಿ. ಹೀಗೆ ಒಂದು ವಾರ ಮಾಡಿ ಸರಾಸರಿ ತೆಗೆಯಿರಿ. ಉತ್ಸಾಹದ ಮೊದಲ ದಿನದ ಅಂಕಿಯನ್ನು ನಂಬಬೇಡಿ.

ಈಗ ಲೆಕ್ಕ. ಜ್ವರ, ಮದುವೆ, ಜಾತ್ರೆ, ಪ್ರಯಾಣ, ಬೇಸರ ಎಲ್ಲಕ್ಕೂ ಸೇರಿಸಿ ವರ್ಷದಲ್ಲಿ ಅರವತ್ತೈದು ದಿನ ಕಳೆದುಬಿಡಿ. ಉಳಿದ 300 ದಿನಕ್ಕೆ ದಿನಕ್ಕೆ 15 ಪುಟದಂತೆ 4,500 ಪುಟ. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಬರುವ ಡೆಮಿ ಅಳತೆಯಲ್ಲಿ (ಕಾದಂಬರಿಗಳ ಮಾಮೂಲಿ ಗಾತ್ರ) ಪುಸ್ತಕವೊಂದಕ್ಕೆ 180 ಪುಟ ಎಂದು ಹಿಡಿದರೆ ಇಪ್ಪತ್ತೈದು ಪುಸ್ತಕ. ಅಂದರೆ ದಿನಕ್ಕೆ 15 ಪುಟ ಓದುವವರು ಇಪ್ಪತ್ತನಾಲ್ಕು ಖಾನೆಗಳ ಪಟ್ಟಿಯನ್ನು ಧೈರ್ಯವಾಗಿ ಕೈಗೊಳ್ಳಬಹುದು. ದಿನಕ್ಕೆ ಏಳೆಂಟು ಪುಟ ಆಗುವವರು ಹನ್ನೆರಡಕ್ಕೆ ನಿಲ್ಲಿಸಿ.

ಎಚ್ಚರಿಕೆ: ಬಹಳ ವರ್ಷಗಳಿಂದ ಓದು ಬಿಟ್ಟವರು ಹನ್ನೆರಡಕ್ಕಿಂತ ಹೆಚ್ಚು ಹಾಕಿಕೊಳ್ಳಲೇಬೇಡಿ. ಐವತ್ತೆರಡು ವಾರಕ್ಕೆ ಐವತ್ತೆರಡು ಪುಸ್ತಕ ಎಂಬ ಘೋಷಣೆ ಕೇಳಲು ಚೆಂದ. ಆದರೆ ಅದನ್ನು ಮುಗಿಸುವವರು ಆ ಮೊದಲೇ ವಾರಕ್ಕೊಂದು ಓದುತ್ತಿದ್ದವರು.

ಹಂತ 2: ವರ್ಷ ಯಾವ ದಿನದಿಂದ ಎಂದು ತೀರ್ಮಾನಿಸಿ

ಜನವರಿ 1ರಿಂದಲೇ ಶುರು ಮಾಡಬೇಕೆಂಬ ಕಟ್ಟಳೆ ಇಲ್ಲ. ಹೊಲಮನೆ ಇರುವವರಿಗಂತೂ ಅದು ಕೆಟ್ಟ ದಿನ. ಜೂನ್, ಜುಲೈನಲ್ಲಿ ಬಿತ್ತಿದ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ರಾಶಿ ಮಾಡಿ, ಮಾರುಕಟ್ಟೆಗೆ ಸಾಗಿಸಿ, ದರಕ್ಕಾಗಿ ಕಾಯುವ ಹೊತ್ತಿನಲ್ಲಿ ಹೊಸ ಸಂಕಲ್ಪ ಹಿಡಿಯುವುದಿಲ್ಲ. ಪೇಟೆಯಲ್ಲಿ ನೌಕರಿ ಮಾಡುವವರಿಗೂ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುವುದು, ನೆಂಟರು, ಮದುವೆಗಳು ಎಂದು ಆ ದಿನಗಳು ಹರಿದುಹೋಗುತ್ತವೆ.

ನನ್ನ ಸಲಹೆ: ಯುಗಾದಿಯಿಂದ ಯುಗಾದಿಗೆ. ಶರಣಬಸವೇಶ್ವರರ ಜಾತ್ರೆ ಮುಗಿದಿರುತ್ತದೆ, ಹೊಲದ ಕೆಲಸ ಇಳಿದಿರುತ್ತದೆ. ಇನ್ನೊಂದು ಅನುಕೂಲವೂ ಇದೆ. ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವುದು ರೂಢಿ. ಮಧ್ಯಾಹ್ನದ ನಂತರ ಯಾರೂ ಹೊರಗೆ ಕಾಲಿಡುವುದಿಲ್ಲ. ಕೂಲರ್ ಮುಂದೆ ಕುಳಿತು ಓದಲು ಇಷ್ಟು ನೆಮ್ಮದಿಯ ಹೊತ್ತು ಬೇರೆ ಊರಿನವರಿಗೆ ಸಿಗುವುದಿಲ್ಲ. ನಮ್ಮ ಬೇಸಿಗೆಯನ್ನು ಹೊಗಳಲು ಇರುವ ಕಾರಣ ಇದೊಂದೇ, ಬಿಡಬೇಡಿ.

ಹಂತ 3: ಪುಸ್ತಕ ಸಿಗುವ ಜಾಗಗಳನ್ನು ಸುತ್ತಿ ಬನ್ನಿ

ಪಟ್ಟಿ ಮಾಡುವ ಮೊದಲು ಎರಡು ವಾರ ಇದಕ್ಕೆ ಕೊಡಿ. ಕಂಡ ಪುಸ್ತಕಗಳ ಹೆಸರು, ಲೇಖಕರು, ಪುಟಸಂಖ್ಯೆ, ಎಲ್ಲಿ ಕಂಡಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ನಲವತ್ತು, ಐವತ್ತು ಹೆಸರು ಸೇರಿದರೆ ಸಾಕು.

ಮೊದಲು ಮನೆ. ಅಟ್ಟದ ಮೇಲಿನ ಟ್ರಂಕು, ಹಳೆಯ ಪಠ್ಯಪುಸ್ತಕಗಳ ಗಂಟು, ಮಠದಿಂದ ಪ್ರಸಾದದ ಜೊತೆ ಬಂದ ಪುಸ್ತಕಗಳು, ಮದುವೆಯಲ್ಲಿ ಉಡುಗೊರೆಯಾಗಿ ಬಂದು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕುಳಿತವು. ನಾಲ್ಕೈದು ಖಾನೆ ಇಲ್ಲಿಯೇ ತುಂಬುತ್ತವೆ.

ನಂತರ ಸಾರ್ವಜನಿಕ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ 1965ರದು. ಅದರಂತೆ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹಣ ಕೊಟ್ಟ ಮೇಲೆ ಉಪಯೋಗಿಸಲು ಸಂಕೋಚವೇಕೆ? ಗ್ರಂಥಾಲಯದೊಳಗೆ ಕುಳಿತು ಓದಲು ಸದಸ್ಯತ್ವ ಬೇಕಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಬೇಕಾದರೆ ಎರವಲು ವಿಭಾಗದ ಸದಸ್ಯರಾಗಬೇಕು. ಭಾವಚಿತ್ರ, ವಿಳಾಸದ ದಾಖಲೆ, ಅರ್ಜಿ, ಜೊತೆಗೆ ಸದಸ್ಯತ್ವ ಬಿಡುವಾಗ ಮರಳಿ ಸಿಗುವ ಠೇವಣಿ. ಇಷ್ಟು ಸಿದ್ಧವಿಟ್ಟುಕೊಂಡು ಹೋಗಿ. ಠೇವಣಿಯ ಮೊತ್ತ, ಒಮ್ಮೆಗೆ ಎಷ್ಟು ಪುಸ್ತಕ, ಎಷ್ಟು ದಿನ ಎಂಬುದನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿ. ವಾರದ ರಜೆ ಸಾಮಾನ್ಯವಾಗಿ ಸೋಮವಾರ. ಭಾನುವಾರ ತೆರೆದಿರುತ್ತದೆ ಎಂಬುದೇ ಹಲವರಿಗೆ ಗೊತ್ತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಿಘಂಟು, ವಿಶ್ವಕೋಶ, ಅಪರೂಪದ ಹಳೆಯ ಪುಸ್ತಕಗಳು ಪರಾಮರ್ಶನ ವಿಭಾಗದಲ್ಲಿರುತ್ತವೆ, ಅಂದರೆ ಅವನ್ನು ಅಲ್ಲೇ ಕುಳಿತು ನೋಡಬೇಕು, ಹೊರಗೆ ಕೊಡುವುದಿಲ್ಲ. ಹಾಗಾಗಿ ನಿಮ್ಮ ಪಟ್ಟಿಯ ದಪ್ಪ ಪುಸ್ತಕ ಯಾವ ವಿಭಾಗದಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ. ನಾನೂರು ಪುಟಗಳನ್ನು ಓದುವ ಕೋಣೆಯ ಬೆಂಚಿನ ಮೇಲೆ ಮುಗಿಸುತ್ತೇನೆ ಎಂಬ ಹುಮ್ಮಸ್ಸು ಎರಡು ಭಾನುವಾರ ದಾಟುವುದಿಲ್ಲ.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಕಡೆಗಣಿಸಬೇಡಿ. ಈಗ ಅದಕ್ಕೆ 'ಅರಿವು ಕೇಂದ್ರ' ಎಂಬ ಹೆಸರು ಸೇರಿದೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾ ಬಂದಿದ್ದಾರೆ. ಕಪಾಟು ಚಿಕ್ಕದು, ನಿಜ. ಆದರೆ ಮಕ್ಕಳ ಪುಸ್ತಕ, ಜೀವನಚರಿತ್ರೆ, ಜನಪ್ರಿಯ ವಿಜ್ಞಾನದ ಪುಸ್ತಕಗಳು ಅಲ್ಲಿ ಕೈಗೆ ಸಿಗುತ್ತವೆ. ಸಿಗುವುದರ ಮೇಲೆ ಖಾನೆ ಕಟ್ಟಿ ಎಂದು ನಾನು ಹೇಳುತ್ತಿರುವುದು ಇಂಥ ಕಡೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊಳ್ಳುವುದಾದರೆ ಕಲಬುರಗಿಯಲ್ಲಿ ಸರಸ್ವತಿ ಗೋದಾಮಿನ ಕಡೆಯ ಪುಸ್ತಕ ಮಳಿಗೆಗಳಲ್ಲಿ ಒಂದು ಸುತ್ತು ಹಾಕಿ. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳನ್ನು (ವಿಶ್ವವಿದ್ಯಾಲಯವೇ ನಡೆಸುವ ಪ್ರಕಟಣಾ ವಿಭಾಗ) ಮರೆಯಬೇಡಿ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಈ ಭಾಗದ ಶಾಸನ, ಜನಪದ, ಸ್ಥಳೀಯ ಇತಿಹಾಸ ಕುರಿತ ಪುಸ್ತಕ ಬೇಕಾದಾಗ ಮೊದಲು ವಿಚಾರಿಸಬೇಕಾದದ್ದು ಅದರ ಪ್ರಸಾರಾಂಗದಲ್ಲಿ. ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿಗಳ ಪ್ರಕಟಣೆಗಳಿಗೆ ರಾಜ್ಯೋತ್ಸವದ ನವೆಂಬರಿನಲ್ಲಿ ರಿಯಾಯಿತಿ ಸಿಗುವುದುಂಟು. ದುಬಾರಿ ಪುಸ್ತಕವನ್ನು ಅಲ್ಲಿಯವರೆಗೆ ಮುಂದೂಡಿ. ಅಂಚೆಯಲ್ಲಿ ತರಿಸುವವರು ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿ, ಒಂದೇ ತೆಳು ಪುಸ್ತಕಕ್ಕೆ ಸಾಗಣೆ ವೆಚ್ಚ ಕೊಡುವುದು ದಂಡ.

ಕೊನೆಯದಾಗಿ ಮೊಬೈಲ್. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ನೋಂದಣಿ ಉಚಿತ. ಕನ್ನಡ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ. ಆರ್ಕೈವ್‌ನಲ್ಲಿ ಕನ್ನಡ ಲಿಪಿಯಲ್ಲಿ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ. ಬಹಳಷ್ಟು ಪುಸ್ತಕಗಳ ಹೆಸರನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಕಾಗುಣಿತದಲ್ಲಿ ನಮೂದಿಸಿದ್ದಾರೆ. ಎರಡು ಮೂರು ರೀತಿ ಬರೆದು ನೋಡಿ.

ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಹರಿದಾಡುವ ಹೊಸ ಪುಸ್ತಕಗಳ ಪಿಡಿಎಫ್ ಪ್ರತಿಗಳ ಬಗ್ಗೆ ಕೇಳುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಲೇಖಕರ ಜೀವಿತಾವಧಿ, ಅವರು ತೀರಿಕೊಂಡ ಮರುವರ್ಷದಿಂದ ಮತ್ತೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಅವಧಿ ಮುಗಿದ ಕೃತಿಗಳನ್ನು ನಿಶ್ಚಿಂತೆಯಿಂದ ಇಳಿಸಿಕೊಳ್ಳಿ. ಬದುಕಿರುವ ಲೇಖಕರ ಪುಸ್ತಕವನ್ನು ಹಾಗೆ ಓದುವುದು ಕಳ್ಳಮಾಲು. ಕನ್ನಡದಲ್ಲಿ ಸಾವಿರ ಪ್ರತಿ ಖರ್ಚಾಗುವುದೇ ದೊಡ್ಡ ಮಾತಾಗಿರುವಾಗ ಅದನ್ನು ಸವಾಲಿನ ಲೆಕ್ಕಕ್ಕೆ ಹಿಡಿಯಲು ನಾನು ಒಪ್ಪುವುದಿಲ್ಲ.

ಹಂತ 4: ಖಾನೆಗಳನ್ನು ಕಟ್ಟಿ

ಈಗ ನಿಮ್ಮ ಬಳಿ ಐವತ್ತು ಹೆಸರಿದೆ. ಅವನ್ನು ನೋಡಿ ಖಾನೆ ಮಾಡಿ. ಅರ್ಧ ಖಾನೆಗಳು ಸಲೀಸಾಗಿರಲಿ, ಕಾಲು ಭಾಗ ನಿಮ್ಮ ಅಭ್ಯಾಸಕ್ಕೆ ಹೊರಗಿನವಿರಲಿ, ಉಳಿದ ಕಾಲು ಭಾಗ ಈ ನೆಲಕ್ಕೆ ಸಂಬಂಧಿಸಿದ್ದಾಗಿರಲಿ. ಈ ಕೊನೆಯ ಭಾಗವನ್ನು ಯಾವ ಇಂಗ್ಲಿಷ್ ಪಟ್ಟಿಯೂ ನಿಮಗೆ ಮಾಡಿಕೊಡುವುದಿಲ್ಲ. ಅದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

*ಜಿಲ್ಲೆಯ ಲೇಖಕರು.* ನಿಮ್ಮ ಜಿಲ್ಲೆಯಲ್ಲಿ ಹುಟ್ಟಿದ ಅಥವಾ ನೆಲೆಸಿದ ಒಬ್ಬರ ಪುಸ್ತಕ. ಕಲಬುರಗಿಯವರಿಗೆ ಗೀತಾ ನಾಗಭೂಷಣ ಅವರಿಂದ ಆರಂಭಿಸಲು ಹೇಳುತ್ತೇನೆ. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರಾದರು. ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದ್ದರು. ನಮ್ಮ ಕಡೆಯ ಮಾತು ಅಚ್ಚಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಲಿಕ್ಕಾದರೂ ಈ ಖಾನೆ ಬೇಕು.

*ಸಾವಿರ ವರ್ಷಕ್ಕಿಂತ ಹಳೆಯದು.* ಕೇಳಿದ ತಕ್ಷಣ ಹಿಂಜರಿಯಬೇಡಿ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ, ಕಾಗಿಣಾ ನದಿಯ ದಡ, ಸೇಡಂ ದಾರಿಯಲ್ಲಿ. ಮೂಲ ಪದ್ಯಗಳನ್ನು ನೇರವಾಗಿ ಓದುವುದು ಎಲ್ಲರಿಗೂ ಆಗದು. ಹೊಸಗನ್ನಡ ಗದ್ಯಾನುವಾದ ಇರುವ ಆವೃತ್ತಿಯನ್ನೇ ಕೇಳಿ ತೆಗೆದುಕೊಳ್ಳಿ. ಬರೀ ಮೂಲಪಠ್ಯ ಇರುವ ಪ್ರತಿ ತಂದು ಮೂರನೇ ಪುಟಕ್ಕೆ ನಿಲ್ಲಿಸುವುದು ಈ ಖಾನೆಯ ಮಾಮೂಲಿ ಗುಂಡಿ.

*ವಚನ ಅಥವಾ ತತ್ವಪದ.* ಬಸವಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲಿ. ಹಾಗಿದ್ದೂ ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿಗೆ ಬರುವುದು ಶಾಲೆಯಲ್ಲಿ ಕಲಿತ ಹತ್ತು ವಚನ ಮಾತ್ರ. ಈ ಖಾನೆಗೆ ಎಲ್ಲರ ವಚನಗಳ ಸಂಕಲನ ಬೇಡ. ನೀವು ಹೆಸರು ಮಾತ್ರ ಕೇಳಿರುವ ಒಬ್ಬ ವಚನಕಾರ ಅಥವಾ ವಚನಕಾರ್ತಿಯನ್ನು ಆರಿಸಿ, ಸಿಗುವಷ್ಟನ್ನೂ ಓದಿ. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ವಚನಕಾರರ ಹೆಸರಿನಿಂದಲೂ ಪದದಿಂದಲೂ ಹುಡುಕಬಹುದು. ತತ್ವಪದ (ಅನುಭಾವಿಗಳು ಹಾಡಿದ, ಏಕತಾರಿಯೊಂದಿಗೆ ಇಂದಿಗೂ ಹಾಡುವ ಪದಗಳು) ಆರಿಸುವವರಿಗೆ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ಇದ್ದಾರೆ. ಕಣ್ಣಿನಲ್ಲಿ ಓದುವುದಕ್ಕಿಂತ ಜೋರಾಗಿ ಓದಿದರೆ ಅವರ ಪದಗಳು ಬೇಗ ಒಗ್ಗುತ್ತವೆ.

*ನಿಮ್ಮೂರಿನ ಸುತ್ತಲಿನ ಇತಿಹಾಸ.* ಚಿತ್ತಾಪುರ ಕಡೆಯವರಿಗೆ ಸನ್ನತಿ. 1986ರಲ್ಲಿ ಅಲ್ಲಿಯ ಗುಡಿಯೊಂದರ ಚಾವಣಿ ಕುಸಿದಾಗ ಅಶೋಕನ ಶಾಸನವಿದ್ದ ಕಲ್ಲು ಹೊರಬಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. ಬೀದರಿನವರಿಗೆ 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನನ ಮದರಸಾ, ಬಹಮನಿಗಳು. ಯಾದಗಿರಿ ಜಿಲ್ಲೆಯವರಿಗೆ ಸುರಪುರದ ನಾಯಕರು. ಇಂಗ್ಲಿಷ್ ಓದಬಲ್ಲವರಿಗೆ ಇನ್ನೊಂದು ದಾರಿ ಇದೆ: ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಬರೆದ ಆತ್ಮಕಥೆ. ಅದು 1877ರಲ್ಲಿ ಪ್ರಕಟವಾದದ್ದು, ಹಕ್ಕುಸ್ವಾಮ್ಯದ ತಕರಾರಿಲ್ಲ. ಹೊರಗಿನವನ ಕಣ್ಣು, ಅಧಿಕಾರಿಯ ಕಣ್ಣು ಎಂಬುದನ್ನು ನೆನಪಿನಲ್ಲಿಟ್ಟು ಓದಿ. ಅದರ ಪಕ್ಕದಲ್ಲಿ ಸುರಪುರದ ಬಗ್ಗೆ ಕನ್ನಡದಲ್ಲಿ ಬಂದ ಒಂದು ಪುಸ್ತಕವನ್ನೂ ಇಟ್ಟುಕೊಂಡರೆ ಎರಡಕ್ಕೂ ರುಚಿ ಬರುತ್ತದೆ.

*ನೆರೆಭಾಷೆ.* ಉರ್ದು, ಮರಾಠಿ, ತೆಲುಗು. ಮೂರೂ ನಮ್ಮ ಓಣಿಗಳಲ್ಲಿ ಕೇಳುವ ಭಾಷೆಗಳು. ಅನುವಾದದಲ್ಲಿ ಓದಿದರೂ ಸರಿ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಕಲಿಕೆ ಉರ್ದುವಿನಲ್ಲಿತ್ತು. ಅಂದು ಶಾಲೆಗೆ ಹೋಗಿದ್ದ ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಅವರಿಂದ ನಾಲ್ಕು ಪುಟ ಓದಿಸಿ ಕೇಳುವುದನ್ನೂ ನಾನು ಈ ಖಾನೆಗೆ ಜಮಾ ಮಾಡುತ್ತೇನೆ. ಕೊಳ್ಳುವ ಮೊದಲು ಅನುವಾದಕರ ಹೆಸರು ಮುಖಪುಟದಲ್ಲೋ ಒಳಪುಟದಲ್ಲೋ ಇದೆಯೇ ನೋಡಿ. ಹೆಸರೇ ಇಲ್ಲದ ಅನುವಾದವನ್ನು ನಾನು ಕೊಳ್ಳುವುದಿಲ್ಲ.

ಅಭ್ಯಾಸಕ್ಕೆ ಹೊರಗಿನ ಖಾನೆಗಳನ್ನು ನೀವೇ ಪ್ರಾಮಾಣಿಕವಾಗಿ ಆರಿಸಿಕೊಳ್ಳಬೇಕು. ಕಾದಂಬರಿ ಮಾತ್ರ ಓದುವವರು ಒಂದು ಜನಪ್ರಿಯ ವಿಜ್ಞಾನ, ಒಂದು ನಾಟಕ, ಒಂದು ಕವನ ಸಂಕಲನ ಸೇರಿಸಿ. ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೇ ಸುತ್ತುವವರು ಒಂದು ದಲಿತ ಆತ್ಮಕಥೆ, ಒಂದು ಕಥಾಸಂಕಲನ ಸೇರಿಸಿ. ನಾಟಕವನ್ನು ಮನೆಯವರ ನಡುವೆ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿದರೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಕವನ ಸಂಕಲನ ಮಾತ್ರ ಹಾಗೆ ಮುಗಿಸಬೇಡಿ. ತೊಂಬತ್ತು ಪುಟ ಎಂದು ಒಂದೇ ಏಟಿಗೆ ಓದಿ ಗೆರೆ ಎಳೆದವರಿಗೆ ಒಂದು ಸಾಲೂ ನೆನಪಿರುವುದಿಲ್ಲ. ದಿನಕ್ಕೆರಡು ಕವಿತೆ ಸಾಕು.

ಸಲೀಸಾದವು ಹೀಗಿರಬಹುದು: ಮನೆಯ ಹಿರಿಯರು ಹೇಳಿದ ಪುಸ್ತಕ, ಅರ್ಧಕ್ಕೆ ಬಿಟ್ಟದ್ದು, ಮಕ್ಕಳಿಗೆ ಓದಿ ಹೇಳಿದ್ದು, ಲಲಿತ ಪ್ರಬಂಧ (ದಿನನಿತ್ಯದ ಸಂಗತಿಯನ್ನು ಲಹರಿಯಲ್ಲಿ ಬರೆದ ಹಗುರ ಗದ್ಯ), ಪ್ರವಾಸಕಥನ, ಅಡುಗೆ, ಒಕ್ಕಲುತನ ಅಥವಾ ಯಾವುದಾದರೂ ಕಸುಬಿನ ಪುಸ್ತಕ, ಹೊಸ ಲೇಖಕರ ಮೊದಲ ಪುಸ್ತಕ, ನೀವು ಹುಟ್ಟಿದ ವರ್ಷದ್ದು, 500 ಪುಟ ಮೀರಿದ್ದು ಒಂದು. ಹುಟ್ಟಿದ ವರ್ಷದ ಖಾನೆಯಲ್ಲಿ ಎಡವುವವರು ಬಹಳ. ಮುಖಪುಟ ತಿರುವಿದ ಕೂಡಲೇ ಬರುವ ಮುದ್ರಣ ವಿವರದ ಪುಟದಲ್ಲಿ 'ಮೊದಲ ಮುದ್ರಣ' ಎಂಬ ಸಾಲನ್ನು ನೋಡಬೇಕು. ಅದರ ಕೆಳಗೆ ಎರಡನೆಯದು, ಐದನೆಯದು ಎಂದು ಮರುಮುದ್ರಣಗಳ ವರ್ಷಗಳೂ ಇರುತ್ತವೆ, ಅವು ಲೆಕ್ಕಕ್ಕಿಲ್ಲ.

ಒಂದು ಖಾನೆಯನ್ನು ಖಾಲಿ ಬಿಡಿ. ವರ್ಷದ ನಡುವೆ ಯಾರೋ ಕೈಗಿಟ್ಟ, ಯೋಜನೆಯಲ್ಲೇ ಇಲ್ಲದ ಪುಸ್ತಕಕ್ಕೆ ಅದು ಮೀಸಲು.

ಹಂತ 5: ನಿಯಮಗಳನ್ನು ಮೊದಲ ಪುಟದಲ್ಲಿ ಬರೆದಿಡಿ

ಆಟದ ನಡುವೆ ನಿಯಮ ಬದಲಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದ್ದರಿಂದ ಬರೆದಿಡುವುದು ಕ್ಷೇಮ. ನಾನು ಹಾಕಿಕೊಂಡಿರುವವು:

1. ಒಂದು ಪುಸ್ತಕ ಒಂದೇ ಖಾನೆಗೆ. 'ಬದುಕು' ಓದಿ ಅದನ್ನೇ ಜಿಲ್ಲೆಯ ಲೇಖಕರು, ಮಹಿಳೆ ಬರೆದದ್ದು, ಪ್ರಶಸ್ತಿ ಪಡೆದದ್ದು ಎಂದು ಮೂರು ಕಡೆ ತೋರಿಸುವಂತಿಲ್ಲ.
2. ಐವತ್ತು ಪುಟ ಓದಿದ ಮೇಲೂ ಹಿಡಿಸದಿದ್ದರೆ ಬಿಡಬಹುದು. ಬಿಟ್ಟ ಪುಸ್ತಕ ಲೆಕ್ಕಕ್ಕಿಲ್ಲ, ಅದೇ ಖಾನೆಗೆ ಬೇರೆಯದು ಆರಿಸಬೇಕು.
3. ಕೇಳುಪುಸ್ತಕವೂ ಪುಸ್ತಕವೇ, ಆದರೆ ಪೂರ್ತಿ ಪಠ್ಯ ಇರಬೇಕು. ಯೂಟ್ಯೂಬಿನಲ್ಲಿ ಹದಿನೈದು ನಿಮಿಷದಲ್ಲಿ ಕಾದಂಬರಿಯ ಸಾರ ಹೇಳುವ ವಿಡಿಯೋ ನಡೆಯುವುದಿಲ್ಲ.
4. ಗೈಡು, ಪ್ರಶ್ನೋತ್ತರ ಮಾಲೆ, ಕೋಚಿಂಗ್ ಕೇಂದ್ರದ ಟಿಪ್ಪಣಿಗಳು ಲೆಕ್ಕಕ್ಕಿಲ್ಲ.

ನಾಲ್ಕನೆಯ ನಿಯಮಕ್ಕೆ ಆಕ್ಷೇಪ ಬರುತ್ತದೆ, ಅದೂ ನ್ಯಾಯವಾದ ಆಕ್ಷೇಪ. ಕಲಬುರಗಿಯ ಗ್ರಂಥಾಲಯಗಳಲ್ಲಿ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲುವವರು ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು. "ದಿನಕ್ಕೆ ಹತ್ತು ಗಂಟೆ ಓದುತ್ತೇನೆ, ಇದಕ್ಕೆಲ್ಲಿಯ ಸಮಯ?" ಎಂದು ಅವರು ಕೇಳುತ್ತಾರೆ. ಅವರಿಗೆ ಆರು ಖಾನೆಗಳ ಪುಟ್ಟ ಪಟ್ಟಿ ಸಾಕು, ಅದೂ ಪರೀಕ್ಷೆಗೆ ಆಸುಪಾಸಿನದು: ಸಂವಿಧಾನದ ಬಗ್ಗೆ ಒಂದು ವಿವರಣಾತ್ಮಕ ಪುಸ್ತಕ, ಹೈದರಾಬಾದ್ ಸಂಸ್ಥಾನದ ವಿಮೋಚನೆಯ ಇತಿಹಾಸ, ಒಬ್ಬರ ಆತ್ಮಕಥೆ, ಪರಿಸರದ ಮೇಲೊಂದು, ಅರ್ಥಶಾಸ್ತ್ರವನ್ನು ಸರಳವಾಗಿ ಹೇಳುವುದೊಂದು, ಮತ್ತು ಪರೀಕ್ಷೆಗೆ ಏನೇನೂ ಸಂಬಂಧವಿಲ್ಲದ ಒಂದು ಕಾದಂಬರಿ. 371(ಜೆ) ವಿಧಿಯ ಮೀಸಲಾತಿಯ ಲಾಭ ಪಡೆಯುವವರು ಆ ವಿಧಿ ಯಾವ ಹೋರಾಟದ ಫಲವಾಗಿ ಸಂವಿಧಾನಕ್ಕೆ ಸೇರಿತು ಎಂಬುದನ್ನು ಒಂದು ಸಾಲಿನ ಉತ್ತರಕ್ಕಿಂತ ಹೆಚ್ಚಾಗಿ ತಿಳಿದುಕೊಳ್ಳುವುದು ವ್ಯರ್ಥವಲ್ಲ. ಪ್ರಬಂಧ ಪತ್ರಿಕೆ ಬರೆಯುವಾಗ ಈ ಆರು ಪುಸ್ತಕಗಳ ಉಪಯೋಗ ಗೊತ್ತಾಗುತ್ತದೆ.

ಹಂತ 6: ಪುಸ್ತಕಗಳನ್ನು ತಿಂಗಳಿಗೆ ಹೊಂದಿಸಿ

ಎಲ್ಲ ಖಾನೆಗೂ ಪುಸ್ತಕ ಮೊದಲೇ ನಿಗದಿಪಡಿಸುವುದು ಬೇಡ. ಮುಂದಿನ ಎರಡು ತಿಂಗಳಿನವು ಗೊತ್ತಿದ್ದರೆ ಸಾಕು. ಆದರೆ ದಪ್ಪ, ತೆಳುವಿನ ಹಂಚಿಕೆ ಮಾತ್ರ ಮೊದಲೇ ಆಗಬೇಕು.

ಏಪ್ರಿಲ್, ಮೇ ತಿಂಗಳಿಗೆ 500 ಪುಟದ್ದನ್ನೂ ಗದ್ಯಾನುವಾದದ ಹಳಗನ್ನಡವನ್ನೂ ಇಡಿ, ಉದ್ದನೆಯ ಮಧ್ಯಾಹ್ನಗಳು ಅದಕ್ಕೆ ಒದಗುತ್ತವೆ. ಶಾಲೆ ಶುರುವಾಗುವ, ಬಿತ್ತನೆ ನಡೆಯುವ ಜೂನ್‌ನಲ್ಲಿ ಕಥಾಸಂಕಲನ, ಪ್ರಬಂಧ. ಬಿಟ್ಟು ಬಿಟ್ಟು ಓದಿದರೂ ಎಳೆ ತಪ್ಪದಂಥವು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ, ಪ್ರವಚನ ನಡೆಯುವಾಗ ವಚನ, ತತ್ವಪದದ ಖಾನೆ. ಬೆಂಗಳೂರಿಗೆ ರೈಲು ಪ್ರಯಾಣ ಇದ್ದರೆ 150 ಪುಟದ ಒಂದು ಪುಸ್ತಕ ಹೋಗಿ ಬರುವುದರೊಳಗೆ ಮುಗಿಯುತ್ತದೆ. ಮೇಲಿನ ಬರ್ತ್ ಸಿಕ್ಕರೆ ಮೊದಲ ರಾತ್ರಿಯೇ. ತೊಗರಿ ರಾಶಿಯ ತಿಂಗಳುಗಳಿಗೆ ಮಕ್ಕಳ ಪುಸ್ತಕ, ಕವನ, ಕೇಳುಪುಸ್ತಕ ಬಿಟ್ಟು ಬೇರೇನೂ ಇಡಬೇಡಿ.

ಇಲ್ಲಿಯ ದೊಡ್ಡ ತಪ್ಪು ತೆಳು ಪುಸ್ತಕಗಳನ್ನೆಲ್ಲ ಮೊದಲ ಮೂರು ತಿಂಗಳಲ್ಲಿ ಮುಗಿಸಿ, "ಹತ್ತಾಯಿತು" ಎಂದು ಹಿಗ್ಗುವುದು. ಕೊನೆಗೆ ಉಳಿಯುವುದು ಭಾರವಾದ ಎಂಟು, ಅದೂ ಸಮಯವೇ ಇಲ್ಲದ ತಿಂಗಳುಗಳಲ್ಲಿ.

ಇನ್ನೊಂದು ತಪ್ಪು ಯುಗಾದಿಯ ಹುರುಪಿನಲ್ಲಿ ಇಪ್ಪತ್ತು ಪುಸ್ತಕ ಒಮ್ಮೆಗೇ ಕೊಳ್ಳುವುದು. ಕೊಂಡದ್ದನ್ನು ಓದಿದಂತೆಯೇ ಎಂಬ ಭ್ರಮೆ ಬೇಗ ಅಂಟಿಕೊಳ್ಳುತ್ತದೆ. ಕೈಯಲ್ಲಿ ಓದದ ಪುಸ್ತಕ ಮೂರಕ್ಕಿಂತ ಹೆಚ್ಚಿರುವಾಗ ಹೊಸದು ಬೇಡ.

ಹಂತ 7: ದಾಖಲೆ ಇಡಿ, ಚಿಕ್ಕದಾಗಿ

ಪ್ರತಿ ಪುಸ್ತಕಕ್ಕೆ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ: ಹೆಸರು, ಲೇಖಕರು, ಮೊದಲ ಮುದ್ರಣದ ವರ್ಷ, ಎಲ್ಲಿಂದ ತಂದದ್ದು, ಮುಗಿಸಿದ ದಿನ, ಇಷ್ಟವಾದ ಒಂದು ಸಾಲು, ಒಪ್ಪದ ಒಂದು ಮಾತು. 'ಒಪ್ಪದ ಮಾತು' ಎಂಬ ಸಾಲನ್ನು ಬಿಡಬೇಡಿ, ಓದುವಾಗ ಎಚ್ಚರವಾಗಿರಲು ಅದು ಸಹಾಯ ಮಾಡುತ್ತದೆ. ಗ್ರಂಥಾಲಯದ ಪುಸ್ತಕವಾದರೆ ಮರಳಿಸುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಆ ಪುಸ್ತಕಗಳಲ್ಲಿ ಗೆರೆ ಎಳೆಯುವುದು, ಪುಟದ ಮೂಲೆ ಮಡಚುವುದು ಖಂಡಿತ ಬೇಡ. ಹಳೆಯ ಬಸ್ ಟಿಕೆಟ್ಟು ಗುರುತಿಗೆ ಸಾಕು.

ಮುಗಿಸಿದ ಪುಸ್ತಕಗಳ ರಾಶಿಯ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದು ನಿಮ್ಮಿಷ್ಟ. ಚಿತ್ರಕ್ಕಾಗಿಯೇ ತೆಳು ಪುಸ್ತಕ ಆರಿಸತೊಡಗಿದರೆ ಮಾತ್ರ ನಿಲ್ಲಿಸಿ.

ಜೊತೆಗಾರರಿದ್ದರೆ ತಿಂಗಳಿಗೊಮ್ಮೆ ಭೇಟಿಯಾಗಿ. ನಾಲ್ಕೈದು ಜನ, ಒಂದು ಗಂಟೆ, ಚಹಾ. ಒಬ್ಬೊಬ್ಬರು ಓದಿದ್ದರ ಬಗ್ಗೆ ಐದು ನಿಮಿಷ ಮಾತು, ಆಮೇಲೆ ಪುಸ್ತಕಗಳ ಅದಲುಬದಲು. ಹೀಗೆ ಐದು ಜನ ಸೇರಿದರೆ ಖರ್ಚು ಐದರಲ್ಲೊಂದು ಪಾಲಾಗುತ್ತದೆ. ಕೊಟ್ಟವರು, ಪಡೆದವರು, ದಿನಾಂಕ ಮೂರನ್ನೂ ಬರೆದಿಡುವ ಕೆಲಸ ಒಬ್ಬರಿಗೆ ವಹಿಸಿ. ಗೆಳೆತನದಲ್ಲಿ ಪುಸ್ತಕ ಕೇಳಿ ವಾಪಸು ಪಡೆಯುವುದು ಸಾಲ ವಸೂಲಿಗಿಂತ ಕಷ್ಟ.

ಹಂತ 8: ಹಿಂದೆ ಬಿದ್ದಾಗ

ಬೀಳುತ್ತೀರಿ. ದಸರೆ ಹೊತ್ತಿಗೆ ಲೆಕ್ಕ ನೋಡಿ. ಇಪ್ಪತ್ತನಾಲ್ಕರಲ್ಲಿ ಹತ್ತಾದರೂ ಆಗಿದ್ದರೆ ಮುಂದುವರಿಸಿ. ಆಗಿಲ್ಲದಿದ್ದರೆ ಅಂದೇ ಪಟ್ಟಿಯನ್ನು ಹದಿನೆಂಟಕ್ಕೋ ಹನ್ನೆರಡಕ್ಕೋ ಇಳಿಸಿ. ಇಳಿಸುವಾಗ ಸಲೀಸಾದ ಖಾನೆಗಳನ್ನು ಕೈಬಿಡಿ, ಕಷ್ಟದವನ್ನಲ್ಲ. ಪ್ರವಾಸಕಥನವನ್ನು ನೀವು ಸವಾಲಿಲ್ಲದೆಯೂ ಓದುತ್ತೀರಿ, ಹಳಗನ್ನಡವನ್ನು ಓದುವುದಿಲ್ಲ.

ತಿಂಗಳುಗಟ್ಟಲೆ ಪುಸ್ತಕ ಮುಟ್ಟದೆ ಇದ್ದವರು ಬಿಟ್ಟ ಪುಸ್ತಕದಿಂದಲೇ ಮತ್ತೆ ಶುರು ಮಾಡಲು ಹೋಗಬೇಡಿ. ಅದೇ ನಿಮ್ಮನ್ನು ನಿಲ್ಲಿಸಿದ್ದು. ನೂರು ಪುಟದೊಳಗಿನ ನಾಟಕವನ್ನೋ ಮಕ್ಕಳ ಪುಸ್ತಕವನ್ನೋ ತೆಗೆದುಕೊಂಡು ಎರಡು ದಿನದಲ್ಲಿ ಮುಗಿಸಿ, ಆಮೇಲೆ ಅದರ ಕಡೆ ಹೋಗಿ.

ಮುಂದಿನ ಯುಗಾದಿಗೆ ಹೊಸ ಪಟ್ಟಿ ಮಾಡುವಾಗ ಹಳೆಯದನ್ನು ಪೂರ್ತಿ ಎಸೆಯಬೇಡಿ. ಈ ವರ್ಷ ಖಾಲಿ ಉಳಿದ ಖಾನೆಗಳು ಮೊದಲ ಸಾಲಿಗೆ ಬರಲಿ. ಸುಲಭವಾಗಿ ತುಂಬಿದವುಗಳಲ್ಲಿ ಮೂರನ್ನು ತೆಗೆದು, ಆ ಜಾಗಕ್ಕೆ ಜೊತೆಗಾರರ ನೋಟ್‌ಬುಕ್ಕಿನಿಂದ ಮೂರನ್ನು ಎರವಲು ತನ್ನಿ. ಹೊಸ ಪಟ್ಟಿ ಬರೆಯಲು ಕೂರುವ ಮೊದಲು ಮೂರನೇ ಹಂತದ ಸುತ್ತಾಟವನ್ನು ಇನ್ನೊಮ್ಮೆ ಮಾಡಿ, ಅಷ್ಟರಲ್ಲಿ ಗ್ರಂಥಾಲಯಕ್ಕೆ ಹೊಸ ಪುಸ್ತಕಗಳು ಬಂದಿರುತ್ತವೆ.